ನೀರು ಬಂದ ದಾರಿ

ಮಳೆಗಾಲದ ಕೊನೆಯಲ್ಲಿ ಮಲೆನಾಡಿನ ಮನೆಯಂಗಳವನ್ನು ನೋಡಿದವರಿಗೆ ಪಾಚಿಯೆಂದರೇನೆಂದು ವಿವರಿಸಬೇಕಾದುದಿಲ್ಲ. ಆಷಾಢದಲ್ಲಿ ಅದು ಕಲ್ಲಿನ ಮೇಲೆ ಹಸುರು ನೆರಳಿನಂತೆ ಕಾಣಿಸಿಕೊಳ್ಳುತ್ತದೆ, ಶ್ರಾವಣದಲ್ಲಿ ದಪ್ಪವಾಗುತ್ತದೆ, ಭಾದ್ರಪದದ ಬಿಸಿಲು ಬಿದ್ದೊಡನೆ ಕಪ್ಪಾಗಿ, ಒಣಗಿ ಸತ್ತಂತೆ ಬಿದ್ದಿದ್ದು, ನಾಲ್ಕು ಹನಿ ನೀರು ಸೋಕಿದರೆ ಎಣ್ಣೆ ಸವರಿದ ಹಲಗೆಯಂತೆ ಜಾರುತ್ತದೆ. ಜಗುಲಿಯಿಂದ ಕೊಟ್ಟಿಗೆಯವರೆಗೆ ಅಡಿಕೆಯ ದಬ್ಬೆಗಳನ್ನು ಹಾಸುವುದು, ಸುಣ್ಣ ಎರಚುವುದು, ಕಡ್ಡಿ ಪೊರಕೆಯಿಂದ ತಿಕ್ಕುವುದು ಇವೆಲ್ಲ ಹಿಂದಿನಿಂದ ನಡೆದುಬಂದ ಉಪಾಯಗಳು. ತಿಕ್ಕುವ ಆಳು ಸಿಕ್ಕದ ಈ ಕಾಲದಲ್ಲಿ ಇವುಗಳ ಜೊತೆಗೆ ಇನ್ನೊಂದು ಉಪಾಯವೂ ಸೇರಿದೆ. ಅದೇ ಪ್ರೆಶರ್ ವಾಷರ್ ಎಂಬ ಯಂತ್ರ. ಪೇಟೆಯ ಗ್ಯಾರೇಜುಗಳಲ್ಲಿ ಕಾರು ತೊಳೆಯುತ್ತಿದ್ದ ಈ ಯಂತ್ರದ ಚಿಕ್ಕ ತಮ್ಮಂದಿರು ಈಗ ಹಳ್ಳಿಯ ಮನೆಗಳ ಕಟ್ಟಿಗೆಕೋಣೆಗಳಲ್ಲಿಯೂ ನೆಲೆಸಿದ್ದಾರೆ.

ಸಾಗರ ಸೀಮೆಯ ಒಂದು ಮನೆಯಲ್ಲಿ, ಎಂಬತ್ತು ದಾಟಿದ ತಾಯಿಯೊಬ್ಬರು ಶ್ರಾವಣದ ಒಂದು ಬೆಳಗ್ಗೆ ತುಳಸಿಕಟ್ಟೆಗೆ ನೀರೆರೆಯಲು ಅಂಗಳಕ್ಕೆ ಇಳಿದವರು, ದಬ್ಬೆಯಿಂದ ಒಂದು ಹೆಜ್ಜೆ ಆಚೆ ಕಾಲಿಟ್ಟು, ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅಲ್ಲಿಯೇ ಮಗಳ ಮನೆಯಲ್ಲಿ ಎರಡು ತಿಂಗಳಿಗೂ ಮೇಲೆ ಇದ್ದರು. ದೀಪಾವಳಿ ಹತ್ತಿರ ಬರುತ್ತಲೂ, "ಹಬ್ಬಕ್ಕೆ ನನ್ನ ಮನೆಯಲ್ಲಿರಬೇಕು" ಎಂದು ಹಟ ಹಿಡಿದರು. ಭಾನುವಾರ ಕರೆತರುವುದೆಂದು ನಿಶ್ಚಯವಾಯಿತು. ಅವರು ಬರುವುದು ನಾಲ್ಕು ಕಾಲಿನ ಊರೆಗೋಲನ್ನು ಊರಿಕೊಂಡು. ಬಂದರೆ ನೆಟ್ಟಗೆ ಹೋಗುವುದು ತುಳಸಿಕಟ್ಟೆಗೇ ಎಂಬುದರಲ್ಲಿ ಮನೆಯ ಯಾರಿಗೂ ಸಂದೇಹವಿರಲಿಲ್ಲ.

ಹಿರಿಯ ಮಗ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು, ಊರಿನವರಿಗೆಲ್ಲ ಮೇಷ್ಟರು. ಕಿರಿಯವನು ತೋಟವನ್ನೇ ನಂಬಿದವನು. ಕೆಲವು ವರ್ಷಗಳ ಹಿಂದೆ ಇಬ್ಬರಿಗೂ ಪಾಲಾಯಿತು. ಜಗಳವಾಗಿ ಪಾಲಾದುದಲ್ಲ, ಆದರೆ ಪಾಲಾದ ಮೇಲೆ ಮಾತು ತೂಕಮಾಡಿ ಆಡುವಂತಾಯಿತು. ಬೇಲಿಯ ಈಚೆಯ ಹಳೆಯ ಮನೆ, ಬಾವಿ, ತಾಯಿ, ಇವು ಮೇಷ್ಟರ ಕಡೆಗೆ. ಬೇಲಿಯಾಚೆಯ ಹೊಸ ಮನೆ, ಗುಡ್ಡದ ಅಬ್ಬಿಯ ನೀರು, ಕೊಟ್ಟಿಗೆ, ಇವು ತಮ್ಮನ ಕಡೆಗೆ. ಹಂಡೆ, ತೊಟ್ಟಿಲು, ಒನಕೆಗಳವರೆಗೆ ಎಲ್ಲವೂ ಪಟ್ಟಿಯಲ್ಲಿ ಬಂದಿದ್ದರೂ, ಪಾಲಾಗುವುದಕ್ಕೆ ಮೊದಲು ಇಬ್ಬರೂ ಸೇರಿ ಕೊಂಡಿದ್ದ ಈ ತೊಳೆಯುವ ಯಂತ್ರವೊಂದು ಪಟ್ಟಿ ಬರೆಯುವವರ ಕಣ್ಣಿಗೆ ಬೀಳದೆ ಉಳಿದುಹೋಗಿದ್ದಿತು. ಹಾಗಾಗಿ ಅದು ಒಂದು ಪಕ್ಷ ಅಲ್ಲಿ, ಒಂದು ಪಕ್ಷ ಇಲ್ಲಿ ಎಂದು ಅತ್ತಿತ್ತ ಓಡಾಡುತ್ತಿದ್ದಿತು. ಒಡೆದ ಮನೆಯಲ್ಲಿ ಒಡೆಯದೆ ಉಳಿದ ವಸ್ತುವಿಗೆ ಯಾವಾಗಲೂ ಕಷ್ಟವೇ: ಕೆಟ್ಟಿತೆಂದರೆ ಕೆಡಿಸಿದವನು ಆಚೆ ಮನೆಯವನು.

ಗುರುವಾರ ಸಂಜೆ ತಮ್ಮನು ಆಳಿನ ಕೈಯಲ್ಲಿ ಯಂತ್ರವನ್ನು ಕಳುಹಿಸಿದನು. ಶುಕ್ರವಾರ ಬೆಳಗ್ಗೆ ಮೇಷ್ಟರು ಅದನ್ನು ಅಂಗಳಕ್ಕೆ ಎಳೆದು, ನಲ್ಲಿಗೆ ಪೈಪು ಸಿಕ್ಕಿಸಿ, ಗುಂಡಿ ಒತ್ತಿದರು. ಮೊದಲ ಅರ್ಧ ನಿಮಿಷ ನೀರು ಬೀಸಣಿಗೆಯಂತೆ ಹರಡಿ ಹೊಡೆಯಿತು. ಕಪ್ಪು ಪಾಚಿಯ ನಡುವೆ ಕಲ್ಲಿನ ಕೆಂಪು ಬಣ್ಣ ಒಂದು ಗೇಣು ಅಗಲ ತೆರೆಯಿತು. ಅನಂತರ ಯಂತ್ರವು ಕೆಮ್ಮಿತು. ಕೈಯಲ್ಲಿದ್ದ ಗನ್ನು ನಡುಗಿತು. ನೀರು ಒಮ್ಮೆ ಬಲವಾಗಿ, ಒಮ್ಮೆ ಬಲವಿಲ್ಲದೆ, ಏದುಸಿರು ಬಿಡುವವನ ಮಾತಿನಂತೆ ತುಂಡುತುಂಡಾಗಿ ಬರತೊಡಗಿತು. ನಿಲ್ಲಿಸಿ ಮತ್ತೆ ಹಾಕಿದರೂ ಹಾಗೆಯೇ.

"ಕೆಡಿಸಿ ಕಳುಹಿಸಿದ್ದಾನೆ" ಎಂದರು ಮೇಷ್ಟರು.

"ನಿನ್ನೆ ಸಂಜೆಯವರೆಗೂ ಅಲ್ಲಿ ಒಂದೇ ಸಮನೆ ಸದ್ದು ಕೇಳುತ್ತಿತ್ತಲ್ಲ" ಎಂದರು ಅವರ ಹೆಂಡತಿ, ಒಳಗಿನಿಂದ.

ಈ ಮಾತಿನಲ್ಲಿ ಅರ್ಧ ಉತ್ತರವಿದ್ದಿತು. ಆದರೆ ಕೋಪದಲ್ಲಿದ್ದವರ ಕಿವಿ ಕೇಳಬೇಕಾದುದನ್ನು ಕೇಳುವುದಿಲ್ಲ. ಮೇಷ್ಟರು ಪೇಟೆಯ ರಿಪೇರಿಯವನಿಗೆ ಫೋನು ಮಾಡಿದರು. ಅವನು ಯಂತ್ರವನ್ನು ನೋಡದೆಯೇ, "ಪಂಪಿನ ಸೀಲು ಹೋಗಿದೆ ಸ್ವಾಮಿ, ತಂದುಬಿಡಿ, ಎಂಟು ದಿನ ಆಗುತ್ತೆ" ಎಂದನು. ಭಾನುವಾರಕ್ಕೆ ಉಳಿದಿದ್ದುದು ಎರಡು ದಿನ.

ಸೀಲು ಎಂದೊಡನೆ ಮೇಷ್ಟರಿಗೆ ತರಗತಿಯ ನೆನಪು ಬಂದಿತು. ನಿಂತ ದ್ರವದ ಒಂದೆಡೆ ಒತ್ತಿದ ಒತ್ತಡ ಎಲ್ಲ ಕಡೆಗೂ ಕಡಿಮೆಯಾಗದೆ ಹರಡುತ್ತದೆ ಎಂಬ ಪಾಸ್ಕಲನ ತತ್ತ್ವವನ್ನು ಅವರು ವರ್ಷಕ್ಕೊಮ್ಮೆ ತಪ್ಪದೆ ಬೋಧಿಸಿದ್ದರು. ಆ ತತ್ತ್ವವನ್ನು ಯಂತ್ರವಾಗಿಸಿ 1795ರಲ್ಲಿ ಹಕ್ಕು ಪಡೆದವನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ. ಅವನಿಗೂ ತೊಡಕಾದುದು ಇದೇ ಸೀಲು: ಒತ್ತಡ ಹೆಚ್ಚಿದಂತೆಲ್ಲ ಪಿಸ್ಟನ್ನಿನ ಪಕ್ಕದಿಂದ ನೀರು ಚಿಮ್ಮುತ್ತಿದ್ದಿತು; ಬಿಗಿಮಾಡಿದರೆ ಪಿಸ್ಟನ್ನೇ ಅಲುಗದು. ಬಟ್ಟಲಿನಾಕಾರದ ತೊಗಲಿನ ಸೀಲನ್ನು ಇಟ್ಟು ಈ ತೊಡಕನ್ನು ಬಿಡಿಸಿದವನು ಅವನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್‌ಸ್ಲೇ ಎಂದು ಪ್ರತೀತಿ. ಅದರ ಚಮತ್ಕಾರವೆಂದರೆ, ಒಳಗಿನ ನೀರೇ ಬಟ್ಟಲಿನ ಅಂಚನ್ನು ಗೋಡೆಗೆ ಒತ್ತುತ್ತದೆ. ಒತ್ತಡ ಹೆಚ್ಚಿದಷ್ಟೂ ಸೀಲು ಬಿಗಿಯಾಗುತ್ತದೆ, ಒತ್ತಡವಿಳಿದರೆ ಸಡಿಲವಾಗುತ್ತದೆ. ಇಂದಿನ ಚಿಕ್ಕ ಯಂತ್ರಗಳಲ್ಲಿ ತೊಗಲಿನ ಸ್ಥಾನದಲ್ಲಿ ರಬ್ಬರಿನಂಥ ವಸ್ತು ಬಂದಿರುವುದಷ್ಟೇ ಹೆಚ್ಚಳ. ಅಂಥ ಸೀಲು ಹೋದರೆ ಪಂಪಿನ ಕೆಳಗೆ ನೀರು ತೊಟ್ಟಿಕ್ಕಬೇಕು. ಒಳಗಿನ ಎಣ್ಣೆಗೆ ನೀರು ಬೆರೆತು ಅದು ಮಜ್ಜಿಗೆಯಂತೆ ಬೆಳ್ಳಗಾಗಬೇಕು. ಮೇಷ್ಟರು ಬಗ್ಗಿ ನೋಡಿದರು. ಯಂತ್ರದ ಅಡಿ ಒಣಗಿದ್ದಿತು. ನೋಡದೆ ಹೇಳಿದವನ ಮಾತಿನ ಮೇಲೆ ಅವರಿಗೆ ಮೊದಲ ಅನುಮಾನ ಹುಟ್ಟಿದುದು ಆಗ.

ಈ ಯಂತ್ರದ ಗುಟ್ಟು ತಿಳಿಯದಿದ್ದರೆ ಅದರ ಕಾಯಿಲೆಯೂ ತಿಳಿಯುವುದಿಲ್ಲ. ಅದರೊಳಗೆ ಸಾಮಾನ್ಯವಾಗಿ ಮೂರು ಚಿಕ್ಕ ಪಿಸ್ಟನ್ನುಗಳಿರುತ್ತವೆ. ಓರೆಯಾಗಿ ತಿರುಗುವ ಒಂದು ತಟ್ಟೆ ಅವುಗಳನ್ನು ಒಂದಾದ ಮೇಲೊಂದರಂತೆ ತಳ್ಳುತ್ತದೆ. ಪ್ರತಿಯೊಂದಕ್ಕೂ ನೀರು ಒಳಬರಲು ಒಂದು, ಹೊರಹೋಗಲು ಒಂದು ಕವಾಟ. ನೂರು ಬಾರ್ ಎಂದು ಅದರ ಮೈಮೇಲೆ ಬರೆದಿರುತ್ತದೆ. ಜೋಗದ ಎತ್ತರ 253 ಮೀಟರು. ಅಷ್ಟೆತ್ತರದ ಕೊಳವೆಯಲ್ಲಿ ನೀರು ತುಂಬಿ ನಿಲ್ಲಿಸಿದರೆ ಅದರ ಬುಡದಲ್ಲಿ ಇಪ್ಪತ್ತೈದು ಬಾರಿನಷ್ಟು ಒತ್ತಡವಿರುತ್ತದೆ. ಒಂದರ ಮೇಲೊಂದು ನಾಲ್ಕು ಜೋಗವನ್ನಿಟ್ಟರೆ ನೂರಾಗುತ್ತದೆ. ಗೃಹಿಣಿ ಒಂದು ಕೈಯಲ್ಲಿ ಎಳೆದೊಯ್ಯುವ ಈ ಪೆಟ್ಟಿಗೆಯಲ್ಲಿ ನಾಲ್ಕು ಜೋಗದ ಬಲ ಎಲ್ಲಿಂದ ಬಂತು? ವಿಸ್ಮಯದ ಸಂಗತಿಯೆಂದರೆ, ಪಂಪು ಒತ್ತಡವನ್ನು ಹುಟ್ಟಿಸುವುದೇ ಇಲ್ಲ. ಅದು ನಿಮಿಷಕ್ಕೆ ಆರು ಲೀಟರಿನಂತೆ ನೀರನ್ನು ಮುಂದಕ್ಕೆ ತಳ್ಳುತ್ತದೆ, ಅಷ್ಟೆ. ತುದಿಯಲ್ಲಿ ಸೂಜಿಯ ಕಣ್ಣಿನಷ್ಟು ದಾರಿ ಬಿಟ್ಟಿರುವುದರಿಂದ, ಹಿಂದಿನಿಂದ ಬರುವ ನೀರಿಗೆ ಎಡೆ ಸಾಲದೆ ಒತ್ತಡ ಏರುತ್ತದೆ. ಆ ರಂಧ್ರವು ಸವೆದು ಅದರ ಅಡ್ಡಗಲ ಹತ್ತರಲ್ಲಿ ಒಂದು ಪಾಲು ಹಿಗ್ಗಿದರೆ ಸಾಕು, ಒತ್ತಡ ಸುಮಾರು ಮೂರರಲ್ಲಿ ಒಂದು ಪಾಲು ಕುಸಿಯುತ್ತದೆ. ಪಂಪು ಮುದಿಯಾಯಿತೆಂದು ದೂರುವವರಲ್ಲಿ ಎಷ್ಟೋ ಮಂದಿ ಬದಲಿಸಬೇಕಾದುದು ತುದಿಯ ಈ ತುಣುಕನ್ನು. ಹಾಗೆಯೇ, ತಳ್ಳುವುದಕ್ಕೆ ನೀರೇ ಸಾಲದಿದ್ದರೆ ಯಾವ ಪಂಪೂ ಏನನ್ನೂ ಮಾಡಲಾರದು.

ಹೆಚ್ಚಿನ ಒತ್ತಡದಿಂದ ಬಿಸಿನೀರನ್ನು ಹಾಯಿಸಿ ತೊಳೆಯುವ ಯಂತ್ರವನ್ನು ಯೂರೋಪಿನಲ್ಲಿ ಮೊದಲು, 1950ರಲ್ಲಿ, ರೂಪಿಸಿದವನು ಜರ್ಮನಿಯ ಆಲ್ಫ್ರೆಡ್ ಕಾರ್ಶರ್. ಆದರೆ ಮಲೆನಾಡಿನವರಿಗೆ ಪಂಪಿನ ಸಹವಾಸ ಅದಕ್ಕೂ ಹಳೆಯದು. ಅಡಿಕೆಯ ಕೊಳೆರೋಗವನ್ನು ಕುರಿತು ಮೈಸೂರು ಸರ್ಕಾರದ ತಜ್ಞರಾಗಿದ್ದ ಲೆಸ್ಲಿ ಕೋಲ್ಮನ್ನರ ವರದಿ 1910ರಲ್ಲಿ ಪ್ರಕಟವಾಯಿತು. ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ ಸಿಂಪಡಿಸುವ ಪದ್ಧತಿ ಕ್ರಮೇಣ ತೋಟತೋಟಕ್ಕೂ ಹಬ್ಬಿತು. ಮೇಷ್ಟರ ಬಾಲ್ಯದಲ್ಲಿ ಕೊನೆಗಾರನು ಮರದ ತಲೆಯಲ್ಲಿ ಕುಳಿತು ಔಷಧಿ ಹೊಡೆಯುತ್ತಿದ್ದರೆ, ಕೆಳಗೆ ಇಬ್ಬರು ಕೈಪಂಪನ್ನು ಜಗ್ಗುತ್ತಿದ್ದರು. ಮೇಲಿನಿಂದ, "ಔಷಧಿ ಬರ್ತಿಲ್ಲ!" ಎಂದು ಕೂಗು ಬಂದೊಡನೆ ಹುಡುಗರಿಬ್ಬರೂ ಪಂಪಿನ ಕಡೆಗೆ ಓಡುವರು. ತಂದೆಯವರು ಗದರಿಸುವರು: "ಪಂಪು ಬಿಡಿ. ಮೊದಲು ಡ್ರಮ್ಮು ನೋಡಿ." ಹೋಗಿ ನೋಡಿದರೆ ಹೀರುವ ಪೈಪಿನ ಬಾಯಿ ಔಷಧಿಯಿಂದ ಮೇಲೆದ್ದು ಗಾಳಿಯನ್ನು ಕುಡಿಯುತ್ತಿರುವುದು, ಇಲ್ಲವೇ ಸುಣ್ಣದ ಗಸಿ ಅದರ ಜಾಲರಿಗೆ ಮೆತ್ತಿಕೊಂಡಿರುವುದು. ಹತ್ತರಲ್ಲಿ ಎಂಟು ಸಲ ಹಾಗೆಯೇ ಆಗುತ್ತಿತ್ತೆಂದು ಮೇಷ್ಟರ ನೆನಪು. ಆ ಹುಡುಗರಿಬ್ಬರಲ್ಲಿ ಕಿರಿಯವನೇ ಈಗ ಬೇಲಿಯಾಚೆ ಇರುವವನು.

ಅವರು ಕಾಫಿ ಕುಡಿದು ಬಂದು, ಸಿಟ್ಟನ್ನು ಬದಿಗಿಟ್ಟು, ಯಂತ್ರದ ಎದುರಿಗೆ ಕುಳಿತರು. ವಿದ್ಯುತ್ತಿನ ದೋಷವಲ್ಲವೆಂಬುದು ಒಡನೆಯೇ ತೀರ್ಮಾನವಾಯಿತು. ವೋಲ್ಟೇಜು ಸಾಲದಿದ್ದರೆ ಅಥವಾ ಸಣ್ಣ ತಂತಿಯ ಉದ್ದನೆಯ ಎಕ್ಸ್‌ಟೆನ್ಷನ್ನನ್ನು ಬಳಸಿದ್ದರೆ ಮೋಟಾರು ತಿರುಗದೆ ಗುಂಯ್ಗುಡುತ್ತದೆ. ಇದು ಸರಾಗವಾಗಿ ತಿರುಗುತ್ತಿದ್ದಿತು. ಆಮೇಲೆ ಗನ್ನಿನ ಕುದುರೆಯನ್ನು ಬಿಟ್ಟು ಸುಮ್ಮನೆ ಕಾದರು. ಈ ಬಗೆಯ ಯಂತ್ರಗಳಲ್ಲಿ ಕುದುರೆ ಬಿಟ್ಟೊಡನೆ ಒಳಗೆ ಒತ್ತಡ ಸಿಕ್ಕಿಕೊಂಡು ಮೋಟಾರು ತಾನಾಗಿ ನಿಲ್ಲುತ್ತದೆ. ಎಲ್ಲಿಯಾದರೂ ಸೋರಿಕೆಯಿದ್ದರೆ, ಯಾರೂ ಮುಟ್ಟದಿದ್ದರೂ, ಎರಡು ಮೂರು ನಿಮಿಷಕ್ಕೊಮ್ಮೆ ಗುರ್ರೆಂದು ಎದ್ದು ಮತ್ತೆ ಮಲಗುತ್ತದೆ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ಯಂತ್ರ ಮಿಸುಕಲಿಲ್ಲ. ಹಾಗಾದರೆ ಪಂಪಿನಿಂದ ಮುಂದಕ್ಕೆ ಎಲ್ಲವೂ ಭದ್ರ. ಹೊರಹೋಗುವ ಕಡೆಯಲ್ಲಿ ಉಳಿದುದು ತುದಿಯ ನಾಜಲ್ಲು.

ಅದನ್ನು ಕಳಚುವ ಮೊದಲು ಅವರು ಗುಂಡಿ ಆರಿಸಿ, ಪ್ಲಗ್ಗು ಕಿತ್ತು, ನಲ್ಲಿ ಮುಚ್ಚಿ, ಕುದುರೆಯನ್ನು ಒತ್ತಿ ಒಳಗೆ ಉಳಿದಿದ್ದ ಒತ್ತಡವನ್ನು ಹೊರಗೆ ಬಿಟ್ಟರು. ಇದನ್ನು ಮರೆಯುವವರು ಬಹಳ ಮಂದಿ. ಸೂಜಿಯಂಥ ಆ ನೀರಿನ ಧಾರೆ ಚರ್ಮವನ್ನು ತೂರಿ ಒಳಕ್ಕೆ ಹೋಗಬಲ್ಲುದು. ಹೊರಗೆ ಇರುವೆ ಕಚ್ಚಿದಷ್ಟು ಗಾಯ, ಒಳಗೆ ಬೆರಳನ್ನೇ ಕಳೆಯುವಂಥ ಕೇಡು. ಅಂಥದು ನಡೆದರೆ ಅರಸಿನ ಹಚ್ಚಿ ಕೂರದೆ ಒಡನೆಯೇ ಆಸ್ಪತ್ರೆಗೆ ಓಡಬೇಕು. ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ಮೊಮ್ಮಗನನ್ನು ಮೇಷ್ಟರು ಜಗುಲಿಗೆ ಅಟ್ಟಿದರು. ನಾಜಲ್ಲನ್ನು ಬೆಳಕಿಗೆ ಹಿಡಿದು, ತೆಳುವಾದ ಸೂಜಿ ಹಾಯಿಸಿ ನೋಡಿದರು. ಅದು ಶುಚಿಯಾಗಿದ್ದಿತು, ಸವೆದೂ ಇರಲಿಲ್ಲ.

ಇನ್ನು ಉಳಿದುದು ನೀರು ಬರುವ ದಾರಿ.

ನಲ್ಲಿಯ ಪೈಪು ಯಂತ್ರಕ್ಕೆ ಸೇರುವಲ್ಲಿ ಹೆಬ್ಬೆರಳ ತುದಿಯಷ್ಟು ಒಂದು ಜಾಲರಿಯಿರುತ್ತದೆ. ಅದನ್ನು ಇಕ್ಕಳದಿಂದ ಎಳೆದಾಗ ಜಾಲರಿಯ ಕಣ್ಣುಗಳೇ ಕಾಣಲಿಲ್ಲ: ಹಸುರು ಲೋಳೆ, ನಾಲ್ಕು ಮರಳ ಕಾಳು, ಯಾವುದೋ ಹುಳುವಿನ ಒಂದು ರೆಕ್ಕೆ. ಪೈಪಿನ ತುದಿಯಲ್ಲಿದ್ದ ರಬ್ಬರಿನ ಉಂಗುರವೂ ಸೀಳಿದ್ದಿತು. ಈ ಉಂಗುರಕ್ಕೂ ವಾಷರ್ ಎಂದೇ ಹೆಸರು, ಯಂತ್ರಕ್ಕೂ ವಾಷರ್ ಎಂದೇ ಹೆಸರು. ವಾಷರಿಗೆ ವಾಷರ್ ಹೋಗಿದೆಯೆಂದು ಅಂಗಡಿಯಲ್ಲಿ ಕೇಳಿದರೆ ಅಂಗಡಿಯವನು ನಗುವುದು ಸಹಜ. ಸೀಳಿದ ಉಂಗುರದಿಂದ ನೀರು ಹೊರಗೆ ಸೋರುವುದು ಕಾಣುತ್ತದೆ. ಪಂಪು ಬಲವಾಗಿ ಹೀರುವಾಗ ಅದೇ ಸೀಳಿನಿಂದ ಗಾಳಿ ಒಳಗೆ ಹೋಗುವುದು ಕಾಣುವುದಿಲ್ಲ. ನೀರು ಕುಗ್ಗುವ ವಸ್ತುವಲ್ಲ, ಗಾಳಿ ಕುಗ್ಗುತ್ತದೆ. ಪಿಸ್ಟನ್ನಿನ ಮುಂದೆ ಗಾಳಿಯ ಗುಳ್ಳೆ ಸಿಕ್ಕಿಕೊಂಡರೆ ಅದರ ಶ್ರಮವೆಲ್ಲ ಗುಳ್ಳೆಯನ್ನು ಹಿಸುಕುವುದರಲ್ಲಿಯೇ ಮುಗಿದು, ನೀರು ಮುಂದಕ್ಕೆ ಹೋಗುವುದಿಲ್ಲ. ಕೆಮ್ಮು ಎಂದರೆ ಇದೇ.

ಮೇಷ್ಟರು ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಹೊಸ ಉಂಗುರ ಹಾಕಿ, ಮೋಟಾರು ನಡೆಸದೆಯೇ ಕುದುರೆಯನ್ನು ಒತ್ತಿ ಹಿಡಿದು, ಗುಳ್ಳೆಗಳೆಲ್ಲ ಹೋಗಿ ನೀರು ಒಂದೇ ಧಾರೆಯಾಗಿ ಬರುವವರೆಗೆ ಕಾದರು. ಗುಂಡಿ ಒತ್ತಿದರು. ಯಂತ್ರ ಹಾಡಿತು. ಅವರ ಮುಖವೂ ಅರಳಿತು. ಐದು ನಿಮಿಷಕ್ಕೆ ಮತ್ತೆ ಕೆಮ್ಮು.

ಇಲ್ಲಿ ಬಹಳ ಜನ ಸೋತು, ಪಂಪನ್ನು ಬಿಚ್ಚಿ ಕೂರುತ್ತಾರೆ. ಬಿಚ್ಚಿದವರಲ್ಲಿ ಎಷ್ಟು ಮಂದಿ ಅದನ್ನು ಮತ್ತೆ ಮೊದಲಿನಂತೆ ಕೂಡಿಸಿದ್ದಾರೆ ಎಂಬ ಲೆಕ್ಕವನ್ನು ಯಾರೂ ಇಟ್ಟಂತಿಲ್ಲ. ಮೇಷ್ಟರು ಬಚ್ಚಲಿನಿಂದ ಹತ್ತು ಲೀಟರಿನ ಬಕೆಟ್ಟು ತಂದು, ಪೈಪನ್ನು ಅದರಲ್ಲಿಟ್ಟು, ಗಡಿಯಾರ ನೋಡುತ್ತ ನಿಂತರು. ಯಂತ್ರಕ್ಕೆ ನಿಮಿಷಕ್ಕೆ ಆರು ಲೀಟರು ಬೇಕು. ನಲ್ಲಿ ಅದಕ್ಕಿಂತ ಉದಾರವಾಗಿ ಕೊಡಬೇಕು. ಒಂದು ನಿಮಿಷದಲ್ಲಿ ಬಕೆಟ್ಟು ತುಂಬಿದರೆ ಚಿಂತೆಯಿಲ್ಲ. ಒಂದು ನಿಮಿಷವಾಯಿತು; ಅರ್ಧ ಬಕೆಟ್ಟೂ ಆಗಲಿಲ್ಲ. ತುಂಬಿದಾಗ ಎರಡೂವರೆ ನಿಮಿಷ ಕಳೆದಿತ್ತು. ನಾಲ್ಕು ಲೀಟರು ಕೊಟ್ಟು ಆರು ಲೀಟರು ಕೇಳಿದರೆ ಯಂತ್ರವಾದರೂ ಏನು ಮಾಡಬೇಕು?

ಏಣಿಯಿಟ್ಟು ಮಾಡಿನ ಮೇಲಣ ಟ್ಯಾಂಕಿಯನ್ನು ನೋಡಿದಾಗ ಉಳಿದುದೆಲ್ಲ ತಿಳಿಯಿತು. ಮುಚ್ಚಳವು ಮಳೆಗಾಳಿಗೆ ಓರೆಯಾಗಿದ್ದಿತು. ಒಳಗೆ ಕೊಳೆತ ಎಲೆ, ಗೋಡೆಗೆ ಬೆರಳ ದಪ್ಪ ಪಾಚಿ, ಹೊರದಾರಿಯ ಬಾಯಲ್ಲಿ ಎಲೆಯ ತೊಟ್ಟುಗಳ ಗೂಡು. ಪ್ರತಿ ವರ್ಷವೂ ನೀರು ತುಂಬುವ ಹಬ್ಬಕ್ಕೆ ಮೊದಲು ಹಂಡೆಯೊಡನೆ ಟ್ಯಾಂಕಿಯನ್ನೂ ತೊಳೆಯಬೇಕೆಂಬುದು ತಾಯಿಯ ಕಟ್ಟಳೆ. ಹೋದ ವರ್ಷ, "ಪ್ಲಾಸ್ಟಿಕ್ಕಿನ ಟ್ಯಾಂಕಿಗೆ ಏನಾಗುತ್ತದಮ್ಮ" ಎಂದು ಮಗ ತಪ್ಪಿಸಿಕೊಂಡಿದ್ದರು. ಅಂಗಳದಲ್ಲಿ ತಾಯಿಯನ್ನು ಬೀಳಿಸಿದ ಪಾಚಿಯೂ, ಅದನ್ನು ತೊಳೆಯಬೇಕಾದ ಯಂತ್ರದ ಗಂಟಲಿಗೆ ಅಡ್ಡ ನಿಂತ ಪಾಚಿಯೂ ಒಂದೇ ಮನೆಯವು. ಮೇಷ್ಟರು ಏಣಿಯ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದರು. ಅಲ್ಲಿಂದ ಬೇಲಿಯಾಚೆ ತಮ್ಮನ ಅಂಗಳ ಕಾಣುತ್ತಿದ್ದಿತು. ಒಂದು ಚೂರೂ ಕಪ್ಪಿಲ್ಲದಂತೆ ತೊಳೆದಿದ್ದಿತು. ಅಲ್ಲಿಗೆ ಬರುವುದು ಗುಡ್ಡದ ಅಬ್ಬಿಯ ನೀರು. ಇಪ್ಪತ್ತು ಮೀಟರು ಮೇಲಿನಿಂದ ಇಳಿದುಬರುವುದರಿಂದ ನಲ್ಲಿಯಲ್ಲಿಯೇ ಎರಡು ಬಾರಿನ ಬಲ. ಮಾಡಿನ ಮೇಲಿನ ಈ ಟ್ಯಾಂಕಿಗೆ ನೆಲದಿಂದ ನಾಲ್ಕು ಮೀಟರು. ಬಲ ಅದರ ಐದರಲ್ಲಿ ಒಂದು ಪಾಲು. ಯಂತ್ರ ಅಲ್ಲಿ ಆರೋಗ್ಯವಾಗಿದ್ದು ಇಲ್ಲಿ ಕಾಯಿಲೆ ಬಿದ್ದುದರಲ್ಲಿ ಯಾರ ಕೈವಾಡವೂ ಇರಲಿಲ್ಲ.

ಟ್ಯಾಂಕಿ ಖಾಲಿಮಾಡಿ, ತೊಳೆದು, ಬಾವಿಯಿಂದ ತುಂಬಿಸುವುದಕ್ಕೆ ಒಂದು ದಿನವಾದರೂ ಬೇಕು. ಅಂಗಳಕ್ಕೆ ಇನ್ನೊಂದು ದಿನ. ಅಷ್ಟರಲ್ಲಿ ಕರೆಂಟು ಹೋದರೆ ಭಾನುವಾರ ಬಂದೇಬಿಡುತ್ತದೆ. ಮೇಷ್ಟರು ಇಳಿದು, ಕೈ ತೊಳೆದು, ಬೇಲಿಯ ಹತ್ತಿರ ಹೋಗಿ ನಿಂತರು. ಅಬ್ಬಿಯ ನೀರಿನ ವಿಚಾರ ಪಾಲಿನ ದಿನ ಹೆಚ್ಚು ಮಾತಿಗೆ ಕಾರಣವಾಗಿದ್ದ ವಿಚಾರ. ಅಂದಿನಿಂದ ಅವರು ಅದರ ಹೆಸರೆತ್ತಿರಲಿಲ್ಲ.

ತಮ್ಮನು ಕೊಟ್ಟಿಗೆಯಿಂದ ಬಂದನು. "ಏನು ಅಣ್ಣಯ್ಯ? ಮಿಷನ್ನು ಕೆಟ್ಟಿತೇ?"

"ಮಿಷನ್ನು ಸರಿಯಾಗಿದೆ. ನನ್ನ ಟ್ಯಾಂಕಿಯಲ್ಲಿ ಪಾಚಿ" ಎಂದರು ಮೇಷ್ಟರು. ಸ್ವಲ್ಪ ತಡೆದು, "ಭಾನುವಾರ ಅಮ್ಮ ಬರುತ್ತಾಳೆ. ನಿನ್ನ ನಲ್ಲಿಯಿಂದ ಒಂದು ಪೈಪು ಕೊಟ್ಟರೆ ಆಗುತ್ತಿತ್ತು" ಎಂದರು.

ತಮ್ಮನು ಅವರನ್ನೇ ನೋಡಿದನು. "ಅಪ್ಪಯ್ಯ ಇದ್ದಿದ್ದರೆ ಮೊದಲು ಡ್ರಮ್ಮು ನೋಡು ಎನ್ನುತ್ತಿದ್ದರು" ಎಂದು ನಕ್ಕು, ತೋಟಕ್ಕೆಂದು ತಂದಿರಿಸಿದ್ದ ದಪ್ಪನೆಯ ಪೈಪಿನ ಸುರುಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದನು. ಬೇಲಿಯ ಎರಡು ಗೂಟಗಳನ್ನು ಸಡಿಲಿಸಬೇಕಾಯಿತು. ಬಕೆಟ್ಟು ನಲವತ್ತು ಸೆಕೆಂಡಿನಲ್ಲಿ ತುಂಬಿತು.

ಶನಿವಾರವೆಲ್ಲ ಇಬ್ಬರೂ ಸರದಿಯ ಮೇಲೆ ಗನ್ನು ಹಿಡಿದರು. ಅಂಗಳದ ಜಂಬಿಟ್ಟಿಗೆ ಮೆದುವಾದ ಕಲ್ಲು. ಧಾರೆಯನ್ನು ಹತ್ತಿರ ಹಿಡಿದರೆ ಪಾಚಿಯೊಡನೆ ಕಲ್ಲೂ ಕಿತ್ತುಬರುತ್ತದೆಂದು ತಮ್ಮನು ಬೀಸಣಿಗೆಯ ನಾಜಲ್ಲು ಹಾಕಿ, ಒಂದು ಮೊಳ ದೂರದಿಂದ ಓರೆಯಾಗಿ ಹಿಡಿಯುವುದನ್ನು ತೋರಿಸಿದನು. ಯಂತ್ರ ಒಮ್ಮೆಯೂ ಕೆಮ್ಮಲಿಲ್ಲ. ಸಂಜೆಯ ಹೊತ್ತಿಗೆ ತುಳಸಿಕಟ್ಟೆಯ ಸುತ್ತ ಕಲ್ಲು ಹೊಸದಾಗಿ ಕಡಿದಂತೆ ಕೆಂಪಗೆ ಕಾಣುತ್ತಿದ್ದಿತು.

ಭಾನುವಾರ ತಾಯಿ ಬಂದರು. ತಮ್ಮನ ಜೀಪಿನಿಂದ ಇಳಿದು, ಊರೆಗೋಲನ್ನು ಊರಿ, ಎಲ್ಲರೂ ಎಣಿಸಿದ್ದಂತೆಯೇ ಮನೆಯೊಳಗೆ ಹೋಗದೆ ಕಟ್ಟೆಯ ಕಡೆಗೆ ನಡೆದರು. ಮಕ್ಕಳಿಬ್ಬರೂ ಎರಡು ಪಕ್ಕದಲ್ಲಿದ್ದರು. ನಡುದಾರಿಯಲ್ಲಿ ಬೇಲಿಯನ್ನು ದಾಟಿ ಬಂದಿದ್ದ ಪೈಪನ್ನು ಕಂಡು ನಿಂತು, ಅದು ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ಕಣ್ಣಿನಿಂದಲೇ ಅಳೆದರು. ಏನೂ ಕೇಳಲಿಲ್ಲ. "ಟ್ಯಾಂಕಿ ತೊಳೆದಿರೋ?" ಎಂದರು.

"ನಾಳೆ" ಎಂದರು ಮೇಷ್ಟರು.

ನೀರು ತುಂಬುವ ಹಬ್ಬದ ಸಂಜೆ ಹಳೆಯ ಮನೆಯ ಹಂಡೆಗೆ ಅಬ್ಬಿಯ ನೀರನ್ನೇ ತುಂಬಿದರು. ಪೈಪು ಕಾರ್ತಿಕದ ಕೊನೆಯವರೆಗೂ ಅಲ್ಲಿಯೇ ಇದ್ದಿತು. ಆಮೇಲೆ ತೋಟಕ್ಕೆ ಬೇಕಾಗಿ ತೆಗೆದರು. ಸಡಿಲಿಸಿದ್ದ ಗೂಟಗಳೆರಡು ಇನ್ನೂ ಹಾಗೆಯೇ ಇವೆ.